ಅಮ್ಮನ ಮಿಲಿಟರಿ ಟ್ರೈಲರ್

ಡ್ರೈ ಫೋರ್ಕ್, ಮೊಂಟಾನಾ
ಏಪ್ರಿಲ್ 14, 1996

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ಕೆಳಗಿರುವ ನಗಣ್ಯರೇ, ಬೋಸ್ನಿಯಾದ ಕೆಸರಿನಲ್ಲಿ ಅಮೆರಿಕದ ಲಾರಿಗಳಿಗೆ ಎಣ್ಣೆಸ್ನಾನ ಮಾಡಿಸುತ್ತಿರುವ ನನ್ನ ಏಕಮಾತ್ರ ಪುತ್ರಿ ಸಾರ್ಜೆಂಟ್ ಸಿಗ್ರಿಡ್ ಟೋಲೆಫ್ಸನ್ ಅವರೇ,

ಈ ಮಹಾಸಭೆಯ ಮುಂದೆ ಎರಡು ವಿಷಯ ಮಂಡಿಸಲು ಎದ್ದು ನಿಂತಿದ್ದೇನೆ. ಒಂದು, ನಿನ್ನ ಅಮ್ಮ ಸೈನ್ಯದವರ ಹರಾಜಿನಲ್ಲಿ ಒಂದು ಹಳೇ ಮಿಲಿಟರಿ ಟ್ರೈಲರ್ ಕೊಂಡಿದ್ದಾಳೆ. ಎರಡು, ಅದರಲ್ಲಿ ತನ್ನ ಮಗ್ಗ ಹೇರಿಕೊಂಡು ನನ್ನನ್ನು ಬಿಟ್ಟು ಹೋಗುತ್ತಿದ್ದಾಳೆ. ಸಭಿಕರು ಎರಡನೆಯದನ್ನು ಕೇಳಿ ಗಾಬರಿಯಾಗಬಾರದು. ನಾನು ಮೊದಲನೆಯದಕ್ಕೇ ಕುರ್ಚಿ ಹುಡುಕಿಕೊಂಡಿದ್ದೆ.

ನಡೆದದ್ದು ಇಷ್ಟು. ನೆನ್ನೆ ಪಕ್ಕದ ಹೊಲದ ಡ್ವೇನ್ ತನ್ನ ಲಾರಿಯ ಮೇಲೆ ಹಸಿರು ಬಣ್ಣದ ಒಂದು ಆನೆಮರಿಯನ್ನು ತಂದು ನಮ್ಮ ಅಂಗಳದಲ್ಲಿ ಇಳಿಸಿದ. ಹಿಂದೆಯೇ ನಿನ್ನ ಅಮ್ಮ ಪಿಕಪ್ಪಿನಲ್ಲಿ ಬಂದು ಇಳಿದಳು.

"ಇದೇನು ವರ್ನಾ?"

"ಟ್ರೈಲರ್."

"ಅದು ಕಾಣ್ತಿದೆ. ಯಾವ ಯುದ್ಧಕ್ಕೆ?"

"ಅಸ್ಟೋರಿಯಾಕ್ಕೆ. ಸಮುದ್ರದ ಹತ್ರ ನೇಯೋರದ್ದೊಂದು ಅಂಗಡಿ ಇದೆ. ಮೇಲೊಂದು ರೂಮು ಕೊಡ್ತಾರಂತೆ. ಮಗ್ಗ ಪಿಕಪ್ಪಲ್ಲಿ ಹಿಡಿಯೋದಿಲ್ಲ."

"ನಾವು ಯಾವಾಗ ಹೊರಡೋದು?"

"ನಾವಲ್ಲ ಐನಾರ್. ನಾನು."

"ವಾಪಸ್ ಬರೋದು?"

"ಬರೋದಿಲ್ಲ."

ಆಮೇಲೆ ಕೈಚೀಲ ಹೆಗಲಿಗೇರಿಸಿ ಅಂದಳು: "ಟ್ರೈಲರಿನ ಮುಂದಿರೋ ಈ ಉಕ್ಕಿನ ಬಳೆ ನನ್ನ ಪಿಕಪ್ಪಿಗೆ ಕೂರೋದಿಲ್ಲ, ದೀಪ ಹತ್ತೋದಿಲ್ಲ. ನೀನು ಸರಿ ಮಾಡ್ಕೊಡು. ನಿನ್ನಷ್ಟು ಚೆನ್ನಾಗಿ ಮಾಡೋರು ಈ ಸುತ್ತಿನಲ್ಲಿ ಇಲ್ಲ."

ಆಗಲಿ ಅಂದೆ. ಕಟ್ಟಿಕೊಂಡವಳು ಬಿಟ್ಟು ಹೋಗುವ ಗಾಡಿಯನ್ನು ಕಟ್ಟಿಕೊಂಡವನೇ ಕಟ್ಟಿಕೊಡಬೇಕು ಎಂಬುದು ಇತಿಹಾಸದಲ್ಲಿ ಇದೇ ಮೊದಲಿರಬಹುದು. ಇರಲಿ. ನೀನು ಅಲ್ಲಿ ಇಂಥವೇ ಟ್ರೈಲರ್‌ಗಳ ಹೊಟ್ಟೆಯಡಿ ಮಲಗುವವಳು. ಗಾಡಿಗೆ ಕಟ್ಟಲು ಮುಂದಕ್ಕೆ ಚಾಚಿದ ಮೂಕಿಯ ತುದಿಯಲ್ಲಿ ದೊಡ್ಡದೊಂದು ಉಕ್ಕಿನ ಬಳೆ ಇದೆ. ಅದನ್ನು ಕತ್ತರಿಸಿ, ಪಿಕಪ್ಪುಗಳ ಹಿಂದೆ ಇರುವ ಸಾಮಾನ್ಯ ಉಕ್ಕಿನ ಗುಂಡಿನ ಮೇಲೆ ಕೂರುವ ಬಟ್ಟಲು ಹಾಕಲೇ? ಬೇಗ ಬರೆ.

ಇತಿ, ಕೊಂಡಿ ಕಳಚಿದರೂ ಕೊಂಕು ಬಿಡದ
ನಿನ್ನ ಅಪ್ಪ, ನಿವೃತ್ತ ಶಾಲಾ ಬಸ್ ಚಾಲಕ
ಐನಾರ್

*

ಬೋಸ್ನಿಯಾ
ಮೇ 2, 1996

ಅಪ್ಪಾ,

ನಿನ್ನ ಕಾಗದ ಊಟದ ಡೇರೆಯಲ್ಲಿ ಸಿಕ್ಕಿತು. ಮೊದಲ ಸಾಲಿಗೇ ನಕ್ಕೆ. ಪಕ್ಕದಲ್ಲಿದ್ದವಳು "ಏನೇ ಅದು, ನಮಗೂ ಓದು" ಅಂದಳು. ನಿನ್ನ ಕಾಗದಗಳೆಂದರೆ ಇಲ್ಲಿ ಎಲ್ಲರಿಗೂ ಇಷ್ಟ. ಗಟ್ಟಿಯಾಗಿ ಓದತೊಡಗಿದೆ. ಎರಡನೇ ವಿಷಯ ಓದಿದ ಮೇಲೆ ಕಾಗದ ಮಡಚಿಬಿಟ್ಟೆ. ಮೇಜಿನ ಸುತ್ತ ಇದ್ದವರೆಲ್ಲ ತಟ್ಟೆ ನೋಡುತ್ತ ಕೂತರು.

ಹೊರಗೆ ಹೋಗಿ ನಿಂತು ಮತ್ತೆ ಓದಿದೆ. ಅಮ್ಮ ಯಾಕೆ ಹೋಗುತ್ತಿದ್ದಾಳೆ ಅಂತ ಇಡೀ ಕಾಗದದಲ್ಲಿ ಒಂದು ಸಾಲಿಲ್ಲ. ನೀನು ಕೇಳಿದೆಯಾ?

ಬಳೆ ಕತ್ತರಿಸಬೇಡ. ಅದರ ಬೆನ್ನಿಗೇ ಬ್ರೇಕು ಇದೆ. ಮುಂದಿನ ಗಾಡಿ ನಿಧಾನಿಸಿದರೆ ಟ್ರೈಲರ್ ಬಂದು ಅದರ ಮೇಲೆ ಒತ್ತುತ್ತದೆ, ಆ ಒತ್ತಡಕ್ಕೇ ತನ್ನ ಬ್ರೇಕು ತಾನೇ ಹಿಡಿದುಕೊಳ್ಳುತ್ತದೆ. ಬಳೆ ಹೋದರೆ ಬ್ರೇಕೂ ಹೋಯಿತು. ಪಿಕಪ್ಪಿಗೇ ಸೈನ್ಯದ ಲಾರಿಗಳಲ್ಲಿರುವಂಥ ಬಾಯಿ ಮುಚ್ಚುವ ಕೊಕ್ಕೆ ಹಾಕು. ಎತ್ತರ ಸರಿಹೋಗಲು ಹಿಂದೆ ತೂತುಗಳಿರುವ ದಪ್ಪ ತಗಡು ಕೊಡು. ಮೂಕಿ ನೆಲಕ್ಕೆ ಸಮವಾಗಿರಬೇಕು. ಬಲ್ಬುಗಳೆಲ್ಲ ಇಪ್ಪತ್ನಾಲ್ಕು ವೋಲ್ಟಿನವು, ಬದಲಾಯಿಸು. ಮಗ್ಗದ ಭಾರ ಆಕ್ಸಲಿಗಿಂತ ತುಸು ಮುಂದೆ ಬೀಳಬೇಕು, ಹಿಂದೆ ಬಿದ್ದರೆ ಬಾಲ ಅಲ್ಲಾಡಿಸುತ್ತದೆ.

ಇನ್ನೊಂದು. ಹಿಂದಕ್ಕೆ ತಳ್ಳುವಾಗಲೂ ಆ ಬ್ರೇಕು ಹಿಡಿದುಕೊಳ್ಳುತ್ತದೆ. ಆಗ ಅದು ಒತ್ತದಂತೆ ಒಂದು ಪಿನ್ನು ಹಾಕುತ್ತೇವೆ. ಮುಂದಕ್ಕೆ ಹೊರಡುವ ಮೊದಲು ಪಿನ್ನು ತೆಗೆಯಲೇಬೇಕು. ಇಲ್ಲದಿದ್ದರೆ ಟ್ರೈಲರಿಗೆ ಬ್ರೇಕೇ ಇಲ್ಲ.

ಇಷ್ಟನ್ನು ಒಂದೇ ಸಲಕ್ಕೆ ಬರೆದೆ. ಮೊದಲ ಭಾಗವನ್ನು ಮೂರು ಸಲ ಹರಿದು ಬರೆದೆ.

ಸಿಗ್ರಿಡ್

*

ಡ್ರೈ ಫೋರ್ಕ್
ಮೇ 26, 1996

ಸಾರ್ಜೆಂಟ್ ಸಾಹೇಬರ ಸನ್ನಿಧಾನಕ್ಕೆ,

ಆಜ್ಞೆಯಂತೆ ಬಳೆಯ ಜೀವ ಉಳಿಸಲಾಗಿದೆ. ಪಿಕಪ್ಪಿನ ಹಿಂಭಾಗಕ್ಕೆ ಕೊಕ್ಕೆ ಬಂತು. ಬಳೆ ಅದರೊಳಗೆ ಕೂತು ನಡೆಯುವಾಗ ಲಟಲಟ ಅನ್ನುತ್ತದೆ. ನಿನ್ನ ಅಮ್ಮನಿಗೆ ದಾರಿಯುದ್ದಕ್ಕೂ ಯಾರೋ ಗೊಣಗುತ್ತ ಹಿಂದೆ ಬರುತ್ತಿರುವ ಭಾವನೆ ಇರುತ್ತದೆ. ನನ್ನ ಕೊರತೆ ಕಾಡದು. ಹಳೇ ಬಲ್ಬುಗಳಿಗೆ ಪಿಕಪ್ಪಿನ ಹನ್ನೆರಡು ವೋಲ್ಟು ಕೊಟ್ಟು ನೋಡಿದೆ. ಮಿಣುಕುಹುಳ ಸಾಯುವ ಮುಂಚೆ ಕೊಡುವಷ್ಟು ಬೆಳಕು. ಬದಲಾಯಿಸಿದೆ. ಚಕ್ರಗಳನ್ನೂ ಬದಲಾಯಿಸಿದೆ, ಈಗ ಒಂದೇ ಸ್ಟೆಪ್ನಿ ಪಿಕಪ್ಪಿಗೂ ಟ್ರೈಲರಿಗೂ ಆಗುತ್ತದೆ. ಊರಿಂದೂರಿಗೆ ಒಬ್ಬಳೇ ಹೋಗುವವಳಿಗೆ ಎರಡೆರಡು ಸ್ಟೆಪ್ನಿಯ ಹೊರೆ ಯಾಕೆ.

ದಿನಾ ಸಂಜೆ ಇಬ್ಬರೂ ಶೆಡ್ಡಿನಲ್ಲಿ. ನಾನು ಅಡಿಯಲ್ಲಿ ಮಲಗಿರುತ್ತೇನೆ, ಅವಳು ಟಾರ್ಚು ಹಿಡಿದು ಕೂತಿರುತ್ತಾಳೆ, ಕೇಳುವ ಮೊದಲೇ ಸ್ಪ್ಯಾನರ್ ಕೈಗೆ ಬರುತ್ತದೆ. ಮೊನ್ನೆ ಡ್ವೇನ್ ಬಂದು ಬಾಗಿಲಿಗೆ ಒರಗಿದ.

"ಅದೃಷ್ಟವಂತರಪ್ಪ ನೀವು. ಚಳಿಗಾಲ ಸಮುದ್ರದ ಹತ್ರ, ಇಬ್ರೇ."

ನಾನು ವರ್ನಾಳನ್ನು ನೋಡಿದೆ. ಅವಳು ಟಾರ್ಚು ನೋಡಿದಳು.

"ಹೌದಪ್ಪ," ಅಂದೆ. "ಅಲೆ ಎಣಿಸೋದು, ಬಲೆ ಹೆಣೆಯೋದು."

"ನಿನ್ನ ಬಾಯಿ ತಡಕೊಂಡು ಅವಳು ಅಷ್ಟು ದೂರ ಬರ್ತಾಳಲ್ಲ, ಅದೇ ದೊಡ್ಡದು," ಅಂದ ಡ್ವೇನ್.

ಈಗ ಇಡೀ ಊರಿನ ಲೆಕ್ಕದಲ್ಲಿ ನಾವಿಬ್ಬರೂ ಹೊರಟಿದ್ದೇವೆ. ಚರ್ಚಿನ ಹೆಂಗಸರು ಅಲ್ಲಿನ ಕೆಳಗಿನ ಸಭಾಂಗಣದಲ್ಲಿ ಬೀಳ್ಕೊಡುಗೆ ಊಟ ಇಟ್ಟುಕೊಂಡಿದ್ದಾರೆ. ನಾನು ತಿದ್ದಲು ಹೋಗಿಲ್ಲ, ಅವಳೂ ತಿದ್ದಿಲ್ಲ.

ಯಾಕೆ ಅಂತ ಕೇಳಿದೆಯಾ ಎಂದು ಕೇಳಿದ್ದೀಯ. ಕೇಳಿದೆ ಮಗಳೇ. "ಸಮುದ್ರಕ್ಕೆ ಉಪ್ಪು ಕಮ್ಮಿ ಆಯ್ತೇನು, ನೀನು ಹೋಗಿ ಸುರಿಯೋಕೆ?" ಅಂತ ಕೇಳಿದೆ. ಅವಳು ಟಾರ್ಚನ್ನು ಇನ್ನೂ ಸ್ವಲ್ಪ ಹತ್ತಿರ ಹಿಡಿದಳು.

ಇತಿ, ಟ್ರೈಲರಿನಡಿಯ ತತ್ವಜ್ಞಾನಿ
ಅಪ್ಪ

*

ಡ್ರೈ ಫೋರ್ಕ್
ಜೂನ್ 9, 1996

ಪ್ರೀತಿಯ ಸಿಗ್ರಿಡ್,

ನಿನ್ನ ಅಪ್ಪನ ಕಾಗದಗಳಿಂದ ನಿನಗೆ ಏನು ತಿಳಿದಿರುತ್ತದೆ ಎಂದು ಊಹಿಸಬಲ್ಲೆ. ನಾನೇ ಬರೆಯಬೇಕಿತ್ತು.

ಫೆಬ್ರವರಿಯಲ್ಲಿ ನನ್ನ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ಡಾಕ್ಟರು ಗ್ರೇಟ್ ಫಾಲ್ಸಿನ ದೊಡ್ಡಾಸ್ಪತ್ರೆಗೆ ಹೋಗಿ ಚೂರು ತೆಗೆಸಿ ಪರೀಕ್ಷೆ ಮಾಡಿಸಬೇಕು ಅಂದರು. ಬೆಳಗಿನ ತಿಂಡಿ ಹೊತ್ತಿಗೆ ನಿನ್ನ ಅಪ್ಪನಿಗೆ ಹೇಳಿದೆ. ಅವನು ಪೇಪರಿನಿಂದ ತಲೆ ಎತ್ತಿ, "ಡಾಕ್ಟರಿಗೆ ಬೇಕು ಫೀಸು, ಅದಕ್ಕೇ ಈ ಕೇಸು" ಅಂದ. ಆಮೇಲೆ ಪುಟ ತಿರುಗಿಸಿದ. ಮತ್ತೆ ಆ ವಿಷಯ ಎತ್ತಲಿಲ್ಲ.

ಹಿಮ ಬೀಳುತ್ತಿತ್ತು. ಒಬ್ಬಳೇ ಹೋದೆ. ಅಲ್ಲಿ ನರ್ಸಮ್ಮ "ಜೊತೆಗೆ ಯಾರು ಬಂದಿದಾರೆ?" ಅಂದಾಗ, ಕಾರು ನಿಲ್ಲಿಸೋಕೆ ಹೋಗಿದಾರೆ ಅಂತ ಸುಳ್ಳು ಹೇಳಿದೆ. ಯಾಕೆ ಹಾಗೆ ಹೇಳಿದೆನೋ. ಅವಳು ಕೊನೆಯವರೆಗೂ ಬಾಗಿಲ ಕಡೆ ನೋಡುತ್ತಿದ್ದಳು. ಗಂಟು ಕೆಟ್ಟದ್ದಲ್ಲ ಅಂತ ಆಮೇಲೆ ಫೋನು ಬಂತು. ಆಸ್ಪತ್ರೆಯಿಂದ ಮನೆಗೆ ಬಂದ ದಿನ ನಿನ್ನ ಅಪ್ಪ "ರಸ್ತೆ ಹೇಗಿತ್ತು?" ಅಂದ. "ಜಾರ್ತಿತ್ತು" ಅಂದೆ. ಅಷ್ಟೆ.

ಅವನು ಕೆಟ್ಟವನಲ್ಲ. ಊರಿನ ಮಕ್ಕಳನ್ನೆಲ್ಲ ನಗಿಸುತ್ತ ಬಸ್ಸು ಓಡಿಸಿದವನು. ನಾನೂ ನಕ್ಕೇ ಮದುವೆಯಾದವಳು. ಆದರೆ ಬಾಗಿಲು ತಟ್ಟಿದಾಗೆಲ್ಲ ಒಳಗಿನಿಂದ ಹಾಡು ಕೇಳಿಸಿ, ಬಾಗಿಲು ಮಾತ್ರ ತೆರೆಯದಿದ್ದರೆ ಎಷ್ಟು ದಿನ ನಿಲ್ಲುವುದು?

ಟ್ರೈಲರನ್ನು ಬೇರೆ ಯಾರಿಂದಾದರೂ ಮಾಡಿಸಬಹುದಿತ್ತು. ದಿನಾ ಒಂದೇ ಶೆಡ್ಡಿನಲ್ಲಿ ಕೂತರೆ ಎಂದಾದರೂ ನನ್ನ ಹತ್ತಿರ ನೆಟ್ಟಗೆ ಒಂದು ಮಾತು ಆಡುತ್ತಾನೇನೋ ಅಂತ ಅವನ ಕೈಗೇ ಕೊಟ್ಟೆ. ಆಡಿದರೆ ನಾನು ಹೋಗಲಾರೆ, ಅದು ನನಗೆ ಗೊತ್ತು. ಆದರೆ ಇದನ್ನು ಅವನಿಗೆ ಹೇಳಬೇಡ. ಹೇಳಿಕೊಟ್ಟ ಮಾತು ನನಗೆ ಬೇಡ.

ಬೆಚ್ಚಗಿರು. ಕಾಲುಚೀಲ ಕಳಿಸಿದ್ದೇನೆ.

ಅಮ್ಮ

*

ಬೋಸ್ನಿಯಾ
ಜೂನ್ 27, 1996

ಅಪ್ಪಾ,

ಅಮ್ಮ ಡಾಕ್ಟರ ವಿಷಯ ಬರೆದಿದ್ದಾಳೆ. ಫೆಬ್ರವರಿಯಲ್ಲಿ ನೀನು ನನಗೆ ಬರೆದ ಕಾಗದವನ್ನು ಹುಡುಕಿ ತೆಗೆದೆ. ಅದರ ತುಂಬ ಡ್ವೇನ್‌ನ ಹೋತ ಚರ್ಚಿಗೆ ನುಗ್ಗಿದ ಕಥೆ ಇದೆ. ಎಷ್ಟು ನಕ್ಕಿದ್ದೆ ಅಂದರೆ ಅದನ್ನು ಇಲ್ಲಿ ನಾವು ಲಾರಿ ರಿಪೇರಿ ಮಾಡುವ ಶೆಡ್ಡಿನ ಗೋಡೆಗೆ ಅಂಟಿಸಿದ್ದೆ. ಇವತ್ತು ಕಿತ್ತೆ.

ಅಮ್ಮ ಹಿಮದಲ್ಲಿ ಒಬ್ಬಳೇ ಹೋಗಿದ್ದಾಳೆ. ನೀನು ಮನೆಯಲ್ಲಿದ್ದೆ. ನನಗೆ ಇನ್ನೂ ನಂಬಲಾಗುತ್ತಿಲ್ಲ.

ಟ್ರೈಲರ್ ಮುಗಿಯುವ ಮೊದಲು ಅವಳ ಹತ್ತಿರ ನೆಟ್ಟಗೆ ಮಾತಾಡು. ಪ್ರಾಸ ಬೇಡ. ಇದು ನನ್ನ ಮಾತು, ಅವಳದ್ದಲ್ಲ.

ಸಿಗ್ರಿಡ್

*

ಡ್ರೈ ಫೋರ್ಕ್
ಜುಲೈ 21, 1996

ಸಮರವೀರೆಯಾದ ಸುಪುತ್ರಿಗೆ,

ನಿನ್ನ ಕಾಗದ ಬಂತು. ಓದಿದೆ. ಇಲ್ಲಿ ಬಿಸಿಲು ಜಾಸ್ತಿ.

ಈಗ ಸಭೆಗೆ ಪರೀಕ್ಷಾರ್ಥ ಪ್ರಯಾಣದ ವರದಿ. ಟ್ರೈಲರಿಗೆ ಮಗ್ಗದಷ್ಟೇ ಭಾರದ ಬಾರ್ಲಿ ಮೂಟೆ ಹೇರಿದ್ದೆವು. ನಮ್ಮ ಶೆಡ್ಡಿನ ಮುಂದೆ ತಿರುಗಿಸಲು ಜಾಗವಿಲ್ಲ, ನಿನಗೆ ಗೊತ್ತಲ್ಲ, ಕಣಜಕ್ಕೂ ಮರಕ್ಕೂ ನಡುವೆ ಹಿಂದಕ್ಕೇ ಬರಬೇಕು. ಹಿಂದಕ್ಕೆ ಬರಲು ಪಿನ್ನು ಹಾಕಿದೆ. ಬಂದೆ. ಚಹಾದ ಸಮಯದಲ್ಲಿ ಪಾದ್ರಿಗಳು ಬಂದರು, ಹರಟಿದೆ. ಆಮೇಲೆ ವರ್ನಾ ಸ್ಟಿಯರಿಂಗ್ ಹಿಡಿದಳು, ನಾನು ಪಕ್ಕಕ್ಕೆ ಹತ್ತಿದೆ, ನದಿಯ ಇಳಿಜಾರಿನತ್ತ ಹೊರಟೆವು. ಪಿನ್ನು ಅಲ್ಲೇ ಕೂತು ನಮ್ಮ ಜೊತೆ ಪ್ರವಾಸ ಬಂತು.

ಅರ್ಧ ಇಳಿಜಾರಿನಲ್ಲಿ ಆನೆಮರಿಗೆ ಅಮ್ಮನ ಮೇಲೆ ಎಲ್ಲಿಲ್ಲದ ಅಕ್ಕರೆ ಉಕ್ಕಿ ಹಿಂದಿನಿಂದ ತಳ್ಳತೊಡಗಿತು. ಅವಳು ಏನೋ ಕೇಳಿದಳು, ನಾನು ಏನೋ ಅಂದೆ. ಕೊನೆಗೆ ತಿರುವು ಬಿಟ್ಟು, ಬೇಲಿ ಕಿತ್ತು, ಡ್ವೇನ್‌ನ ಹೊಲದಲ್ಲಿ ಪಟ್ಟಾಭಿಷೇಕ. ಯಾರಿಗೂ ಏನೂ ಆಗಿಲ್ಲ, ಬಾರ್ಲಿಯೊಂದನ್ನು ಬಿಟ್ಟು.

ಡ್ವೇನ್ ಓಡಿ ಬಂದು ಸುತ್ತ ನೋಡಿ ಅಂದ: "ಮಿಲಿಟರಿಯವ್ರು ನುಗ್ಗೋದಾದ್ರೆ ಮೊದ್ಲೇ ಒಂದು ಮಾತು ಹೇಳ್ಬೇಕಪ್ಪ. ಬಿಳಿ ಬಾವುಟ ಇಟ್ಕೊಂಡಿರ್ತಿದ್ದೆ."

ಟ್ರೈಲರಿಗೆ ಗೀರೂ ಬಿದ್ದಿಲ್ಲ. ಗಟ್ಟಿ ಕೆಲಸ. ವರ್ನಾ ನೆನ್ನೆಯಿಂದ ಶೆಡ್ಡಿಗೆ ಬಂದಿಲ್ಲ. ಟಾರ್ಚನ್ನು ಮೊಳೆಗೆ ಕಟ್ಟಿಕೊಂಡಿದ್ದೇನೆ.

ಇತಿ, ಹೊಲಕ್ಕಿಳಿದರೂ ಛಲ ಬಿಡದ
ಅಪ್ಪ

*

ಡ್ರೈ ಫೋರ್ಕ್
ಆಗಸ್ಟ್ 11, 1996

ಸಿಗ್ರಿಡ್,

ಇಳಿಜಾರಿನ ವಿಷಯ ನಿನ್ನ ಅಪ್ಪ ಬರೆದಿರುತ್ತಾನೆ. ನಕ್ಕಿರುತ್ತೀಯೋ ಏನೋ.

ಗೇರು ಇಳಿಸಿದೆ, ಬ್ರೇಕು ತುಳಿದೆ, ಪಿಕಪ್ಪು ನಿಲ್ಲಲಿಲ್ಲ. ಹಿಂದಿನಿಂದ ಯಾರೋ ಕೈಯಿಟ್ಟು ನೂಕಿದಂತೆ. ಮುಂದೆ ತಿರುವು, ತಿರುವಿನಾಚೆ ನದಿ. "ಐನಾರ್, ಆ ಪಿನ್ನು ತೆಗ್ದಿದ್ಯಾ?" ಅಂದೆ.

ಅವನ ಕಡೆ ನೋಡಿದೆ. ಮುಖದಲ್ಲಿ ರಕ್ತವಿರಲಿಲ್ಲ. ತೆಗೆದಿಲ್ಲ ಅಂತ ಅವನಿಗೆ ಗೊತ್ತಿತ್ತು. ಕೈ ಬಾಗಿಲನ್ನು ಹಿಡಿದು ಬೆಳ್ಳಗಾಗಿತ್ತು. ಬಾಯಿ ತೆರೆದ. ಅವನು ಅಂದದ್ದು ಇದು:

"ಪಿನ್ನು ಗಿನ್ನು ಯಾಕೆ ಚಿನ್ನ, ಮುಂದೆ ನೋಡು ರಸ್ತೆಯನ್ನ."

ಇಲ್ಲ ಅಂದಿದ್ದರೆ ಸಾಕಿತ್ತು. ಅಷ್ಟು ಅಂದಿದ್ದರೆ ನಾನು ಆ ಕ್ಷಣವೇ ಹೊಲಕ್ಕೆ ತಿರುಗಿಸುತ್ತಿದ್ದೆ. ತಿರುವಿಗೆ ಬಂದ ಮೇಲೆ ನನ್ನ ಅಂದಾಜಿನಿಂದ ತಿರುಗಿಸಬೇಕಾಯಿತು.

ಹೊಲದ ಮಧ್ಯೆ ಗಾಡಿ ನಿಂತ ಮೇಲೆ ಬಹಳ ಹೊತ್ತು ಇಳಿಯಲಾಗಲಿಲ್ಲ. ಕೋಪ ಬಂದಿದ್ದರೆ ಚೆನ್ನಾಗಿತ್ತು. ಸಾವು ಎದುರಿಗೆ ಬಂದಾಗಲೂ ಇವನು ಹುಡುಕುವುದು ನನ್ನನ್ನಲ್ಲ, ಪ್ರಾಸವನ್ನು ಎಂದು ಗೊತ್ತಾಗಿ ಮೈ ಮರಗಟ್ಟಿಹೋಯಿತು.

ಶೆಡ್ಡಿಗೆ ಹೋಗುವುದನ್ನು ನಿಲ್ಲಿಸಿದ್ದೇನೆ. ಸೆಪ್ಟೆಂಬರ್ ಮೊದಲ ಸೋಮವಾರ ಲೇಬರ್ ಡೇ ರಜೆ, ಅದರ ಮುಂದಿನ ವಾರ ಹೊರಡುತ್ತೇನೆ. ಅಲ್ಲಿ ಸೇರಿದ ಮೇಲೆ ವಿಳಾಸ ಬರೆಯುತ್ತೇನೆ.

ಅಮ್ಮ

*

ಬೋಸ್ನಿಯಾ
ಆಗಸ್ಟ್ 25, 1996

ಅಪ್ಪಾ,

ನಾವಿಲ್ಲಿ ಪಿನ್ನು ಹಾಕಿದ ಕೂಡಲೇ ಸ್ಟಿಯರಿಂಗಿಗೆ ಒಂದು ಕೆಂಪು ಬಟ್ಟೆ ಕಟ್ಟುತ್ತೇವೆ. ಪಿನ್ನು ತೆಗೆಯದೆ ಬಟ್ಟೆ ಬಿಚ್ಚುವ ಹಾಗಿಲ್ಲ. ಅದನ್ನು ಮೇ ತಿಂಗಳಲ್ಲೇ ಬರೆಯಬೇಕಿತ್ತು. ಅಮ್ಮನಿಗೆ ಕಟ್ಟಿಕೊಡು.

ಅವಳು ಇಳಿಜಾರಿನಲ್ಲಿ ಕೇಳಿದ್ದು, ನೀನು ಅಂದದ್ದು, ಎರಡೂ ನನಗೆ ಗೊತ್ತು. ಡ್ಯೂಟಿಯ ಮಧ್ಯೆ ಅದು ನೆನಪಾಗಿ ಕೈಯಲ್ಲಿದ್ದ ಸ್ಪ್ಯಾನರ್ ಹಿಡಿದು ಹಾಗೇ ನಿಂತುಬಿಡುತ್ತೇನೆ.

ಈ ಕಾಗದ ಅವಳು ಹೊರಡುವ ಮೊದಲು ಸಿಕ್ಕರೆ, ಇಲ್ಲಿಗೇ ಓದು ನಿಲ್ಲಿಸಿ, ಮಡಚಿಟ್ಟು, ಎದ್ದು ಅಡುಗೆಮನೆಗೆ ಹೋಗು.

ಸಿಗ್ರಿಡ್

*

ಡ್ರೈ ಫೋರ್ಕ್
ಸೆಪ್ಟೆಂಬರ್ 15, 1996

ಮಾನ್ಯ ಸಭಿಕರೇ, ಮಹಾಜನಗಳೇ, ಮಗಳೇ,

ಗೆಲುವಿನ ಸುದ್ದಿಯೊಂದಿಗೆ ನಿಮ್ಮ ಮುಂದೆ ನಿಂತಿದ್ದೇನೆ. ನಿನ್ನ ಅಪ್ಪಣೆಯಂತೆ ಕಾಗದ ಮಡಚಿಟ್ಟೆ, ಎದ್ದೆ, ಅಡುಗೆಮನೆಗೆ ನಡೆದೆ. ನಿನ್ನ ಅಮ್ಮ ಪಾತ್ರೆಗಳನ್ನು ಹಳೇ ಪೇಪರಿನಲ್ಲಿ ಸುತ್ತುತ್ತಿದ್ದಳು.

"ಏನು?" ಅಂದಳು.

"ವರ್ನಾ, ಹೋಗ್ಬೇಡ," ಅಂದೆ.

ಅವಳು ಕಾಯುತ್ತ ನಿಂತಳು, ಇದರ ಪ್ರಾಸ ಯಾವಾಗ ಬರುತ್ತದೋ ಅಂತ. ಬರಲಿಲ್ಲ.

"ಅಷ್ಟೇನಾ?"

"ಅಷ್ಟೇ. ಫೆಬ್ರವರಿಲಿ ನಿನ್ನ ಜೊತೆ ಬರ್ಬೇಕಿತ್ತು. ಹೆದರಿಕೆ ಆಗಿತ್ತು, ಅದಕ್ಕೇ ಬರ್ಲಿಲ್ಲ."

ಅವಳು ಕುರ್ಚಿ ಎಳೆದುಕೊಂಡು ಕೂತಳು. ಕೈಯಲ್ಲಿ ಅರ್ಧ ಸುತ್ತಿದ ಬಟ್ಟಲು. ಆಮೇಲೆ ಮೂಗು ಒರೆಸಿಕೊಂಡು ಅಂದಳು: "ಹಾಗಾದ್ರೆ ಹೋಗಿ ಆ ಮಗ್ಗ ಇಳಿಸು ಮಾರಾಯ. ಸೊಂಟ ಹಿಡ್ಕೊಂಡ್ರೆ ನನ್ನ ಕೇಳ್ಬೇಡ."

ಡ್ವೇನ್‌ನನ್ನು ಕೂಗಿದೆ. ಇಬ್ಬರೂ ಮಗ್ಗದ ಕಂಬಗಳನ್ನು ಒಂದೊಂದಾಗಿ ಒಳಗೆ ತಂದೆವು. "ಏನಪ್ಪ ಇದು, ಹೋಗೋ ಮೊದ್ಲೇ ವಾಪಸ್ ಬಂದ್ಬಿಟ್ರಾ?" ಅಂದ. ವರ್ನಾ ಅವನಿಗೆ ಕಾಫಿ ಕೊಟ್ಟಳು. ಈಗ ಟ್ರೈಲರ್ ಶೆಡ್ಡಿನ ಪಕ್ಕ ಖಾಲಿ ನಿಂತಿದೆ. ಅದರಲ್ಲಿ ಆಲೂಗಡ್ಡೆ ತುಂಬಬೇಕು ಅನ್ನುತ್ತಾಳೆ, ಕುಂಬಳ ತುಂಬಬೇಕು ಅನ್ನುತ್ತೇನೆ. ಇದನ್ನು ಬರೆಯುತ್ತಿರುವಾಗ ಅವಳು ಒಳಗಿನಿಂದ "ಆ ಹುಡುಗಿಗೆ ಏನೇನೋ ಬರೀಬೇಡ, ಚಳಿಗೆ ಟೋಪಿ ಬೇಕಾ ಕೇಳು" ಅಂತ

ಸಿಗ್ರಿಡ್, ಇದು ಯಾವುದೂ ನಡೆದಿಲ್ಲ.

ಅವಳು ಮಂಗಳವಾರ ಬೆಳಗ್ಗೆ ಹೋದಳು. ನಿನ್ನ ಕಾಗದ ಅದರ ಹಿಂದಿನ ಶುಕ್ರವಾರವೇ ಬಂದಿತ್ತು. ಮಡಚಿಟ್ಟದ್ದು ನಿಜ. ಎದ್ದದ್ದು ನಿಜ. ಅಡುಗೆಮನೆಯ ಬಾಗಿಲವರೆಗೂ ಹೋದೆ. ಅವಳು "ಏನು?" ಅಂದಳು. "ಕಾಫಿ ಇದೆಯಾ?" ಅಂದೆ.

ಮಂಗಳವಾರ ಕೊಕ್ಕೆ, ಸರಪಣಿ, ದೀಪ ಎಲ್ಲ ನಾನೇ ನೋಡಿದೆ. ಅವಳು ಕೂತು, ಎಂಜಿನ್ ಹಚ್ಚಿ, ಗಾಜು ಇಳಿಸಿ, ಹೊರಡದೆ ಹಾಗೇ ಇದ್ದಳು. ಯಾಕೆ ಇದ್ದಾಳೆ ಅಂತ ನನಗೆ ಗೊತ್ತಿತ್ತು. ಬಾಯಿಗೆ ಒಂದು ಪ್ರಾಸ ಬಂತು. ಅದನ್ನು ಹೇಳಬಾರದು ಅಂತ ನುಂಗಿದೆ. ಅದರ ಹಿಂದೆ ಬೇರೆ ಮಾತು ಇರುತ್ತದೆ ಅಂದುಕೊಂಡಿದ್ದೆ. ಏನೂ ಇರಲಿಲ್ಲ. ಅವಳು ಗಾಜು ಏರಿಸಿದಳು.

ಬೀಳ್ಕೊಡುಗೆ ಊಟ ಇಟ್ಟ ಊರಿಗೆ, ಮೊದಲು ಅವಳು ಹೋಗಿದ್ದಾಳೆ, ನಾನು ಆಮೇಲೆ ಹೋಗುತ್ತೇನೆ ಅಂತ ಹೇಳಿಕೊಂಡು ತಿರುಗುತ್ತಿದ್ದೇನೆ. ನಿನಗೂ ಹಾಗೇ ಒಂದು ಬರೆಯಲು ಕೂತೆ.

ನನಗೆ ಅವಳು ಬೇಕು. ಅವಳಿಲ್ಲದೆ ಇಲ್ಲಿ ಕೂತಿರಲು ಭಯವಾಗುತ್ತದೆ. ಅವಳ ವಿಳಾಸ ನಾನು ಕೇಳಲಿಲ್ಲ. ನಿನಗೆ ಬರೆದಿದ್ದರೆ ಕಳಿಸು.

ಅಪ್ಪ